ಅವಳ ಮಧ್ಯಾಹ್ನಗಳು

ನನ್ನ ಹೆಂಡತಿಗೆ ಮಧ್ಯಾಹ್ನ ಎನ್ನುವುದೊಂದು ಇದೆ ಎಂದು ನನಗೆ ತಿಳಿದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು, ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟೊಡನೆ ಮನೆ ಇದ್ದಲ್ಲೇ ನಿಂತುಬಿಡುತ್ತದೆ, ಸಂಜೆ ನಾನು ಗೇಟು ತೆಗೆದ ಮೇಲೆ ಮತ್ತೆ ಶುರುವಾಗುತ್ತದೆ ಎಂದೇ ನಂಬಿದ್ದೆ. ಹಾಗೆಂದು ಯಾರ ಮುಂದೆಯೂ ಹೇಳಿದವನಲ್ಲ. ಹಾಗೆ ಬದುಕಿದವನು, ಅಷ್ಟೇ.

ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ಲಾಠಿಯ ಇನ್‌ಸ್ಪೆಕ್ಟರ್ ಅಲ್ಲ. ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿದ್ದರೆ ಪಾಸ್, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೆ ರಿಜೆಕ್ಟ್ ಎನ್ನುವ ಇನ್‌ಸ್ಪೆಕ್ಟರ್. ಇಪ್ಪತ್ತೇಳು ವರ್ಷ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನು ನಾನು. ಇಷ್ಟು ವರ್ಷದಲ್ಲಿ ನಾನಾಗಿ ಒಂದು ಮೊಳೆಯನ್ನೂ ತಯಾರಿಸಲಿಲ್ಲ ಎನ್ನುವುದು ಆಗ ನನ್ನ ಮನಸ್ಸಿಗೆ ಬಂದಿರಲಿಲ್ಲ. ಕೈಕೆಳಗಿನ ಹುಡುಗರು ನನ್ನನ್ನು ಕಂಡರೆ ಹೆದರುತ್ತಿದ್ದರು. ನಾನು ಅದನ್ನು ಗೌರವವೆಂದು ತಿಳಿದುಕೊಂಡಿದ್ದೆ.

ನಾವಿಬ್ಬರೂ ಧಾರವಾಡದ ಕಡೆಯವರು. ಮದುವೆಯಾದ ಹೊಸದರಲ್ಲಿ ಬೆಂಗಳೂರಿಗೆ ಬಂದು, ಬಹಳ ವರ್ಷ ಕ್ವಾರ್ಟರ್ಸಿನಲ್ಲಿದ್ದು, ಎಪ್ಪತ್ತರ ದಶಕದ ಮಧ್ಯದಲ್ಲಿ ಅಲ್ಲೇ ಹತ್ತಿರದ ಹೊಸ ಬಡಾವಣೆಯಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದೆವು. ಒಬ್ಬಳೇ ಮಗಳು. ನಾನು ನಿವೃತ್ತನಾಗುವ ಹೊತ್ತಿಗೆ ಅವಳು ಯಶವಂತಪುರದ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದಳು. ಬೆಳಿಗ್ಗೆ ಎಂಟೂವರೆಗೆ ಬಸ್ಸು ಹತ್ತಿದರೆ ಸಂಜೆ ಆರಕ್ಕೆ ಬರುವವಳು. ಅಂದರೆ ಇನ್ನು ಮೇಲೆ ಹಗಲಿಡೀ ಮನೆಯಲ್ಲಿ ನಾವಿಬ್ಬರೇ.

ಆ ‘ನಾವಿಬ್ಬರೇ’ ಎನ್ನುವುದರ ಮೇಲೆ ನಾನು ದೊಡ್ಡ ಯೋಜನೆಗಳನ್ನೇ ಕಟ್ಟಿದ್ದೆ. ಚಿಕ್ಕಂದಿನಲ್ಲಿ ನಾಲ್ಕು ದಿನ ಕಲಿತು ಬಿಟ್ಟ ಹಾರ್ಮೋನಿಯಂ ಮತ್ತೆ ಹಿಡಿಯಬೇಕು. ಕುಂಡಗಳಲ್ಲಿ ಗುಲಾಬಿ ಬೆಳೆಸಬೇಕು. ಊಟವಾದ ಮೇಲೆ ವರಾಂಡದಲ್ಲಿ ಕುಳಿತು ನಾನು ಭಾರತ ಓದಬೇಕು, ಅವಳು ಅವರೆಕಾಯಿ ಸುಲಿಯುತ್ತ ಕೇಳಬೇಕು. ಇಷ್ಟು ವರ್ಷ ಶಿಫ್ಟು, ಓವರ್‌ಟೈಮು ಎಂದು ಅವಳ ಜೊತೆ ನೆಟ್ಟಗೆ ಒಂದು ತಾಸು ಕೂತು ಮಾತಾಡಿರಲಿಲ್ಲ. ಆ ಬಾಕಿಯನ್ನೆಲ್ಲ ಈಗ ತೀರಿಸುತ್ತೇನೆ ಎಂದುಕೊಂಡಿದ್ದೆ. ಅವಳಿಗೂ ಅದೇ ಬೇಕಾಗಿರಬಹುದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ.

ನಿವೃತ್ತಿಯ ಮೊದಲ ದಿನ ಊಟ ಮುಗಿಸಿ ಬನಿಯನ್ನಿನಲ್ಲೇ ಹಾಲ್‌ನ ಆರಾಮಕುರ್ಚಿಯಲ್ಲಿ ಕಾಲು ಚಾಚಿದೆ. ಅವಳು ಅಡುಗೆಮನೆ ಒರೆಸಿ ಬಂದು ಗಡಿಯಾರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಒಳಗ ಮಲಕೊಳ್ರಿ. ಫ್ಯಾನ್ ಹಾಕ್ತೇನಿ” ಎಂದಳು.

“ನಾ ಇಲ್ಲೇ ಆರಾಮ ಇದ್ದೇನಿ. ನೀನೂ ಬಾ, ಕೂಡು.”

ಅವಳು ಕೂರಲಿಲ್ಲ. ಎರಡೂವರೆಗೆ ಗೇಟಿನ ಹತ್ತಿರ ಚಪ್ಪಲಿ ಸದ್ದಾಯಿತು. ಎದುರುಮನೆಯಾಕೆ. ಮೈಸೂರು ಕಡೆಯ ಗಟ್ಟಿ ದನಿಯ ಹೆಂಗಸು. ಬೀದಿಯ ಆ ತುದಿಯಲ್ಲಿ ನಿಂತು ಸೊಪ್ಪಿನವನನ್ನು ಕರೆದರೆ ಈ ತುದಿಯ ಮಕ್ಕಳು ನಿದ್ದೆಯಿಂದ ಏಳಬೇಕು. ಅಂಥವಳು ಕಿಟಕಿಯಲ್ಲಿ ನನ್ನ ತಲೆ ಕಂಡದ್ದೇ ತಡ, ದನಿ ಇಳಿಸಿದಳು.

“ಓ, ಯಜಮಾನ್ರು ಮನೇಲಿದಾರಾ? ಸರಿ ಬಿಡಿ, ಇನ್ನೊಂದ್ ಸಲ ಬರ್ತೀನಿ.”

ಮರುದಿನವೂ ಚಪ್ಪಲಿಯ ಸದ್ದು ಗೇಟಿನವರೆಗೆ ಬಂದು ಹಿಂತಿರುಗಿತು. ಮೂರನೆಯ ದಿನ, ಎಂದೋ ಕೆಲಸ ಬಿಟ್ಟಿದ್ದ ಮೂಲೆಮನೆಯ ಟೀಚರಮ್ಮ ಬಂದು ಹಾಗೆಯೇ ಹೋದರು. ಒಂದು ವಾರದ ನಂತರ ಯಾರೂ ಬರಲಿಲ್ಲ. ಒಳ್ಳೆಯದೇ ಆಯಿತು, ಇನ್ನು ನಮಗೆ ತೊಂದರೆಯಿಲ್ಲ ಎಂದುಕೊಂಡು ನಾನು ಭಾರತದ ಪುಸ್ತಕ ತೆಗೆದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕುಳಿತು ಕೇಳಿದಳು. ಆದಿಪರ್ವದ ನಡುವೆ ಎರಡು ಸಲ ಆಕಳಿಸಿದಳು. “ಛಂದ ಓದ್ತೀರಿ” ಎಂದಳು, ದನಿಯಲ್ಲಿ ಏನೂ ಇರಲಿಲ್ಲ. ಮರುದಿನ ತಲೆನೋವು ಎಂದಳು. ಹಾರ್ಮೋನಿಯಂ ತೆಗೆದ ದಿನವಂತೂ ನಿಜವಾಗಿಯೇ ತಲೆನೋವು ಬಂದಿರಬೇಕು, ನನಗೇ ಬಂತು.

ಮಾತಾಡೋಣವೆಂದರೆ ಮಾತು ಎಲ್ಲಿಂದ ತರುವುದು? ಕಾರ್ಖಾನೆಯ ವಿಷಯ ಅವಳಿಗೆ ಬೇಡ, ಬೀದಿಯ ವಿಷಯ ನನಗೆ ಗೊತ್ತಿಲ್ಲ. “ಮತ್ತ?” ಎಂದು ನಾನು ಕೇಳುತ್ತಿದ್ದೆ. “ಮತ್ತೇನಿಲ್ಲ” ಎನ್ನುತ್ತಿದ್ದಳು. ಮಧ್ಯಾಹ್ನದ ಬಿಸಿಲು ಕಿಟಕಿಯ ಒಂದು ಸರಳಿನಿಂದ ಇನ್ನೊಂದಕ್ಕೆ ಹೋಗುವುದನ್ನು ನೋಡುತ್ತ ನಾವಿಬ್ಬರೂ ಕುಳಿತಿರುತ್ತಿದ್ದೆವು. ಅಷ್ಟು ಹತ್ತಿರದಲ್ಲಿ ಹೆಂಡತಿ ಇದ್ದೂ ಅಷ್ಟು ಒಂಟಿಯಾಗಿ ನಾನು ಎಂದೂ ಇದ್ದವನಲ್ಲ.

ಕಡೆಗೆ ವಿಷಯ ಬಿಡಿಸಿ ಹೇಳಿದವಳು ಮಗಳು. ಒಂದು ಸಂಜೆ, “ನಿಮ್ಮವ್ವ ಯಾಕ ಹಿಂಗ ಮಂಕ ಆಗ್ಯಾಳ?” ಎಂದು ಕೇಳಿದೆ.

“ಅಪ್ಪಾ, ನೀವು ಹಾಲ್‌ನಲ್ಲಿ ಕೂತಿದ್ರೆ ಅವ್ರೆಲ್ಲಾ ಹೆಂಗ್ ಬರ್ತಾರೆ?” ಎಂದಳು. ಬೆಂಗಳೂರಿನಲ್ಲೇ ಹುಟ್ಟಿದವಳು, ಅವಳ ಮಾತೂ ಇಲ್ಲಿಯದೇ. “ಏಳೆಂಟು ವರ್ಷದಿಂದ ದಿನಾ ಮಧ್ಯಾಹ್ನ ನಮ್ಮನೇಲೇ ಸೇರ್ತಿದ್ರು. ವೈರ್ ಬುಟ್ಟಿ ಹಾಕ್ತಾರಲ್ಲ, ಅವ್ರು ಮೂರು ಜನ, ಅಮ್ಮ ಒಬ್ರು. ನಿಮಗ್ ಗೊತ್ತೇ ಇಲ್ವಾ?”

ಗೊತ್ತಿರಲಿಲ್ಲ. ಬಣ್ಣಬಣ್ಣದ ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದ ಬುಟ್ಟಿಗಳು ಮನೆಯಲ್ಲಿದ್ದವು, ಅದು ಗೊತ್ತು. ನಾನೇ ಅವುಗಳಲ್ಲಿ ತರಕಾರಿ ತಂದಿದ್ದೇನೆ. ಎಲ್ಲಿಂದ ಬಂದವೆಂದು ಕೇಳಿರಲಿಲ್ಲ.

ಉಳಿದವರ ಮನೆಯಲ್ಲಿ ಸೇರಬಹುದಲ್ಲ ಎಂದೆ. ಮಗಳು ಒಂದೊಂದೇ ಹೇಳಿದಳು. ಎದುರುಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಟೀಚರಮ್ಮನ ಮನೆ ಎರಡೇ ಕೋಣೆ, ಅದರಲ್ಲೂ ಮಗಳ ಮದುವೆಯ ಗಡಿಬಿಡಿ. ಮೂರನೆಯವರು ಹಿಂದಿನ ಬೀದಿಯ ತಮಿಳು ಮಾಮಿ. ಅವರ ಯಜಮಾನರು ನನಗಿಂತ ಎರಡು ವರ್ಷ ಮೊದಲೇ ನಿವೃತ್ತರಾಗಿ ಹಾಲ್‌ನ ಆರಾಮಕುರ್ಚಿಯಲ್ಲಿ ಬನಿಯನ್ ಹಾಕಿಕೊಂಡು ಕುಳಿತಿದ್ದರು. ಮಧ್ಯಾಹ್ನ ಗಂಡಸೂ ಗಡಿಬಿಡಿಯೂ ಇಲ್ಲದ ಮನೆ ಎಂದು ಅವರ ಪಾಲಿಗೆ ಉಳಿದಿದ್ದದ್ದು ನಮ್ಮದೊಂದೇ.

ಅಷ್ಟಕ್ಕೇ ನಾನು ಸುಮ್ಮನಿದ್ದರೆ ಚೆನ್ನಾಗಿತ್ತು. ಮರುದಿನ ದೊಡ್ಡ ಮನುಷ್ಯನ ಹಾಗೆ ಹೆಂಡತಿಗೆ ಹೇಳಿದೆ: “ಕರಿ ಅವರನ್ನ. ನಾ ಒಳಗ ಮಲಗಿರ್ತೇನಿ. ನನ್ನ ತ್ರಾಸ ನಿಮಗ ಬ್ಯಾಡ.”

ಅವಳ ಮುಖ ಅರಳಿತು. ತಾನೇ ಹೋಗಿ ಮೂರು ಮನೆಗೂ ಹೇಳಿ ಬಂದಳು. ಅವರು ಬಂದರು. ನಾನು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಮಲಗಿದೆ. ಹೊರಗೆ ಪಿಸುಮಾತು. ಎದುರುಮನೆಯಾಕೆಯೂ ಪಿಸುಗುಟ್ಟುತ್ತಿದ್ದಳು! ಯಾರೋ ನಕ್ಕರೆ ಇನ್ಯಾರೋ ಶ್ ಎನ್ನುತ್ತಿದ್ದರು. ನನಗೆ ನಿದ್ದೆ ಎಲ್ಲಿಂದ ಬರಬೇಕು? ಅವರು ಏನು ಹೇಳಿ ನಗುತ್ತಾರೆ ಎಂದು ಕಿವಿಯೆಲ್ಲ ಬಾಗಿಲ ಕಡೆಗೆ. ನನಗೂ ಅಲ್ಲಿ ಕೂರಬೇಕು ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ, ಕರೆಯಲಿ ಎಂದು ಕಾಯುತ್ತಿದ್ದೆ.

ಯಾರೂ ಕರೆಯಲಿಲ್ಲ. ನಾಲ್ಕನೆಯ ದಿನ ನೀರು ಕುಡಿಯುವ ನೆವದಿಂದ ನಾನೇ ಹೊರಗೆ ಬಂದೆ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎನ್ನುತ್ತಾರಲ್ಲ, ಆ ಕರಡಿ ನಾನೇ.

ಟೀಚರಮ್ಮನ ಮಗಳ ಮದುವೆಯಲ್ಲಿ ಹತ್ತಿರದ ಮುತ್ತೈದೆಯರಿಗೆ ತಾಂಬೂಲ ಹಾಕಿ ಕೊಡಲೆಂದು ನಾಲ್ವರೂ ಸೇರಿ ಇಪ್ಪತ್ತೊಂದು ಪುಟ್ಟ ಬುಟ್ಟಿ ಹೆಣೆದಿದ್ದರು. ಹಳದಿ, ಹಸಿರು, ಕೆಂಪು. ಅಂದಿಗೆ ಅದು ಮುಗಿದಿತ್ತು. ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು ನೋಡುತ್ತಿದ್ದರು. ನನ್ನನ್ನು ಕಂಡದ್ದೇ ಎಲ್ಲರೂ ಸೆರಗು ಸರಿಮಾಡಿಕೊಂಡು ಎದ್ದುನಿಂತರು.

“ಕೂತ್ಕೊಳಿ, ಕೂತ್ಕೊಳಿ” ಎಂದು ನಾನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತೆ. ಒಂದು ಬುಟ್ಟಿ ಎತ್ತಿ ನೋಡಿದೆ. ಇನ್ನೊಂದು ಎತ್ತಿದೆ. ಎರಡರ ಹಿಡಿಯಲ್ಲಿ ವ್ಯತ್ಯಾಸವಿತ್ತು. ಕೈ ಸುಮ್ಮನಿರಲಿಲ್ಲ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡಿ ಕೆತ್ತಿದನಂತೆ. ಒಳಗೆ ಹೋಗಿ ನನ್ನ ಸ್ಟೀಲ್ ಸ್ಕೇಲು ತಂದೆ. ಇಪ್ಪತ್ತೊಂದನ್ನೂ ಅಳೆದೆ: ಎತ್ತರ, ಬಾಯಿಯ ಅಗಲ, ಹಿಡಿಯ ಉದ್ದ. ಅವರು ನಾಲ್ವರೂ ನಿಂತೇ ಇದ್ದರು. ನನಗೆ ಎಷ್ಟೋ ತಿಂಗಳ ಮೇಲೆ ಮೈಗೆ ಹಿತವೆನಿಸುವ ಕೆಲಸ ಸಿಕ್ಕಿತ್ತು. ಅಳೆದಳೆದು ಎರಡು ಸಾಲು ಮಾಡಿದೆ. ಸ್ಕೇಲಿನಿಂದ ಒಂದು ಸಾಲನ್ನು ತೋರಿಸಿ, “ಇವು ಹನ್ನೆರಡು ಪಾಸ್” ಎಂದೆ. ಇನ್ನೊಂದನ್ನು ತೋರಿಸಿ, “ಇವು ಒಂಬತ್ತು ರಿಜೆಕ್ಟ್” ಎಂದೆ.

ಮೆಚ್ಚುಗೆಯ ಮಾತು ಬರುತ್ತದೆಂದು ಮುಖ ಎತ್ತಿದರೆ ಟೀಚರಮ್ಮನ ಮುಖ ಕಪ್ಪಿಟ್ಟಿತ್ತು. ಮದುವೆಯ ಸಾಮಾನು, ಮುತ್ತೈದೆಯರ ಕೈಗೆ ಹೋಗುವಂಥದ್ದು. ಅದರ ಮೇಲೆ ಸ್ಕೇಲು ತೋರಿಸಿ ಆಡುವ ಮಾತೇ ಅದು? ಎದುರುಮನೆಯಾಕೆ ನಗಲು ನೋಡಿ, ಉಳಿದ ವೈರು ಸುತ್ತತೊಡಗಿದಳು. ಮಾಮಿ ಬಗ್ಗಿ ಬುಟ್ಟಿಗಳನ್ನು ಒಂದರೊಳಗೊಂದು ಸೇರಿಸತೊಡಗಿದರು, ಎರಡೂ ಸಾಲು ಕಲಸಿಹೋಗುವ ಹಾಗೆ. ಐದೇ ನಿಮಿಷದಲ್ಲಿ ಹಾಲ್ ಖಾಲಿಯಾಯಿತು.

“ಏನಾತು?” ಎಂದೆ.

“ಒಂಬತ್ತರಾಗ ಆರು ನನ್ನವು” ಎಂದಳು ಹೆಂಡತಿ.

ಅವಳು ಆಗ ಅಷ್ಟೇ ಹೇಳಿದ್ದು. ಸಂಜೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಉಳಿದದ್ದು ಹೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ತಿರುಗಲಿಲ್ಲ, ಕೈ ನಿಲ್ಲಿಸಲೂ ಇಲ್ಲ.

“ಈ ಊರಿಗೆ ಬಂದ ಹೊಸದಾಗಿ ಅಂಗಡ್ಯಾಗ ನಾ ಮಾತಾಡಿದ್ರ ನಗತಿದ್ರು. ‘ಏನ್ರೀ, ಜಗಳ ಆಡ್ತಿದೀರಾ’ ಅಂತಿದ್ರು. ಬಾಯಿ ತಗಿಯೂದಽ ಬಿಟ್ಟೆ. ನಿಮಗ ಮೂರು ಶಿಫ್ಟು. ನಿಮ್ಮ ಜೋಡಿ ಮಾತಾಡ್ಬೇಕಂದ್ರ ನೀವು ಒಂದೋ ಮಲಗಿರ್ತಿದ್ರಿ, ಇಲ್ಲಾ ಹೊರಗ ಹೋಗಿರ್ತಿದ್ರಿ. ಇಪ್ಪತ್ತು ವರ್ಷ ಹಂಗ ಕಳದೆ. ಈ ಮನೀಗೆ ಬಂದ ಮ್ಯಾಲೆ ನಿಮಗ ಬರೇ ಹಗಲ ಶಿಫ್ಟು ಆತು. ಮಾಮಿ ಒಂದಿನ ಗೇಟಿನಾಗ ನಿಂತು ‘ಬುಟ್ಟಿ ಹಾಕಕ್ ಬರತ್ತಾ’ ಅಂತ ಕೇಳಿದ್ರು. ಬರೂದಿಲ್ಲ ಅಂದೆ. ಕಲಿಸ್ತೀನಿ ಅಂದ್ರು. ಅವರ ಕನ್ನಡಾನೂ ಅಷ್ಟಕ್ಕಷ್ಟಽ, ನನ್ನ ಕನ್ನಡ ಅವರಿಗೆ ತಿಳೀತಿರಲಿಲ್ಲ. ಇಬ್ಬರೂ ನಕ್ಕೊಂತ ಕಲತಿವಿ. ಸೊಟ್ಟ ಆದ್ರ ಆಗ್ಲಿ, ಯಾರೂ ಸೊಟ್ಟ ಅಂತಿರಲಿಲ್ಲ. ಅದಕ್ಕಽ ನಾ ಕೂಡತಿದ್ದೆ.”

ಆಮೇಲೆ ಹೆಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, “ಇನ್ನ ಬರೂದಿಲ್ಲ ಬಿಡ್ರಿ ಅವರು” ಎಂದಳು.

ಸಿಟ್ಟು ಬಂತು ನನಗೆ. ತಪ್ಪು ಮಾಡಿದವನಿಗೆ ಮೊದಲು ಬರುವುದು ಸಿಟ್ಟೇ. ಹಿಡಿ ಗಿಡ್ಡ ಇದ್ದದ್ದು ನಿಜವೋ ಸುಳ್ಳೋ ಎಂದು ಎರಡು ದಿನ ನನ್ನೊಳಗೇ ವಾದ ಮಾಡಿದೆ. ಮೂರನೆಯ ದಿನ ವಾದಕ್ಕೆ ಎದುರಾಳಿಯೇ ಇಲ್ಲವೆಂದು ಗೊತ್ತಾಗಿ ಸುಮ್ಮನಾದೆ.

ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆನಿಸಿತು. ಯಶವಂತಪುರದ ಅಂಗಡಿಯಿಂದ ನೀಲಿ ವೈರಿನ ಕಟ್ಟು ತಂದೆ. ಮನೆಯಲ್ಲಿದ್ದ ಹಳೆಯ ಬುಟ್ಟಿಯೊಂದರ ಒಂದು ಮೂಲೆ ಬಿಚ್ಚಿ, ಗಂಟು ಹೇಗೆ ಬಿದ್ದಿದೆ ನೋಡಿದೆ. ಬಿಚ್ಚುವುದು ಸುಲಭವಾಗಿತ್ತು, ಮತ್ತೆ ಹಾಕಲು ಬರಲಿಲ್ಲ. ಹೆಂಡತಿಯನ್ನು ಕೇಳಲು ಮುಖವಿರಲಿಲ್ಲ. ತಳ ಹಾಕುವುದಕ್ಕೇ ಹತ್ತು ದಿನ ಹಿಡಿಯಿತು. ಬೆರಳ ತುದಿ ಕೆಂಪಾಗಿ ಗುಳ್ಳೆ ಬಂತು. ಗೋಡೆ ಏಳಿಸುವಾಗ ಬುಟ್ಟಿ ಒಂದು ಕಡೆಗೆ ವಾಲಿತು. ಬಿಚ್ಚಿ ಹಾಕಿದರೆ ಇನ್ನೊಂದು ಕಡೆಗೆ ವಾಲಿತು. ಇಪ್ಪತ್ತೇಳು ವರ್ಷ ನಾನು ರಿಜೆಕ್ಟ್ ಎಂದು ಬದಿಗೆ ತಳ್ಳಿದ ಒಂದೊಂದು ತುಂಡಿನ ಹಿಂದೆಯೂ ಹೀಗೆ ಬೆರಳು ನೋಯಿಸಿಕೊಂಡು ನಿಂತವನೊಬ್ಬ ಇದ್ದನಲ್ಲ ಎಂದು ಆಗ ಅನ್ನಿಸಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಆ ಬುದ್ಧಿಯನ್ನು ಹೇಳಿಕೊಳ್ಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಹೆಂಡತಿ ಹಾಲ್ ದಾಟಿ ಹೋಗುವಾಗ ಬುಟ್ಟಿಯ ಕಡೆ ಒಮ್ಮೆ ನೋಡಿ ಮುಂದೆ ನಡೆಯುತ್ತಿದ್ದಳು.

ಒಂದು ತಿಂಗಳಿಗೆ ಅದು ಬುಟ್ಟಿಯಂತೆ ಕಾಣುವ ಹಂತಕ್ಕೆ ಬಂತು. ಟೀಚರಮ್ಮನ ಮಗಳ ಮದುವೆ ಅಷ್ಟರಲ್ಲಿ ಮುಗಿದುಹೋಗಿತ್ತು. ಇಪ್ಪತ್ತೊಂದು ಬುಟ್ಟಿಯನ್ನೂ ಹಂಚಿದರಂತೆ. ನಾನು ಮದುವೆಗೆ ಹೋಗಲಿಲ್ಲ. ಒಂದು ಬೆಳಿಗ್ಗೆ ನನ್ನ ಬುಟ್ಟಿಯಲ್ಲಿ ಗುಲಾಬಿ ಹೂವಿಟ್ಟುಕೊಂಡು ಅವರ ಮನೆಗೆ ಹೋದೆ. ಸ್ಕೇಲನ್ನೂ ಜೇಬಿನಲ್ಲಿಟ್ಟುಕೊಂಡಿದ್ದೆ.

“ನಾನೇ ಹಾಕಿದ್ದು. ಅಳೆದು ನೋಡಿ” ಎಂದು ಸ್ಕೇಲು ಮುಂದೆ ಹಿಡಿದೆ. ನನ್ನ ಪ್ರಕಾರ ಅದೊಂದು ತಮಾಷೆ. ಅವರು ನಗುತ್ತಾರೆ, ಇಷ್ಟು ಸೊಟ್ಟ ಹಾಕಿದ್ದೀರಲ್ಲ ಎನ್ನುತ್ತಾರೆ, ಅಲ್ಲಿಗೆ ಎಲ್ಲ ಸರಿಹೋಗುತ್ತದೆ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ.

ಟೀಚರಮ್ಮ ಸ್ಕೇಲು ಮುಟ್ಟಲಿಲ್ಲ. “ಅಯ್ಯೋ, ತುಂಬಾ ಚೆನ್ನಾಗಿದೆ ಸಾರ್. ಎಷ್ಟ್ ನೀಟಾಗಿ ಹಾಕಿದೀರಾ. ಕೂತ್ಕೊಳಿ, ಕಾಫಿ ತರ್ತೀನಿ” ಎಂದರು. ಬುಟ್ಟಿ ಅವರ ಕೈಯಲ್ಲೇ ಒಂದು ಪಕ್ಕಕ್ಕೆ ಮಲಗಿತ್ತು. ಅವರು ಒಂದು ತಪ್ಪನ್ನೂ ಎತ್ತಿ ಹೇಳಲಿಲ್ಲ. ಸಂಬಂಧವಿಲ್ಲದವರಿಗೆ ತೋರಿಸುವ ಮರ್ಯಾದೆ ಅದು. ಕಾಫಿ ಕುಡಿದು, ನಮಸ್ಕಾರ ಹೇಳಿ ಬಂದೆ. ಅಂದು ಮಧ್ಯಾಹ್ನವೂ ಯಾರೂ ಬರಲಿಲ್ಲ.

ಆಮೇಲೊಂದು ದಿನ ಪಿಂಚಣಿಯ ಕಾಗದಪತ್ರದ ಕೆಲಸವೆಂದು ನಾನು ಹನ್ನೊಂದಕ್ಕೆ ಹೊರಟವನು ವಾಪಸು ಬಂದಾಗ ಐದು ಗಂಟೆ. ಹಾಲ್‌ನ ಮೂಲೆಯಲ್ಲಿ ಗುಡಿಸಿಟ್ಟ ಕಸದಲ್ಲಿ ಹಸಿರು ವೈರಿನ ಚೂರುಗಳಿದ್ದವು. ಒಳಗೆ ನಾಲ್ಕು ಲೋಟ ಬೋರಲಿಟ್ಟಿದ್ದಳು. ನಾನು ಕೇಳುವ ಮೊದಲೇ ಚಹಾ ತಂದಳು. ತಂದವಳು ಹಾಗೇ ಹೋಗಲಿಲ್ಲ, ನನ್ನ ಎದುರಿಗೆ ಕುಳಿತಳು.

“ಮಾಮಿ ಮನ್ಯಾಗ ಏನಾತು ಗೊತ್ತದ ಏನ್ರೀ?” ಎಂದು ಶುರು ಮಾಡಿದಳು. ಮಾಮಿಯ ಯಜಮಾನರು ಹಲ್ಲಿನ ಸೆಟ್ಟನ್ನು ಎಲ್ಲೋ ಇಟ್ಟು ಮರೆತು, ಮನೆಯೆಲ್ಲ ಹುಡುಕಿಸಿ, ಕಡೆಗೆ ಅದು ಪೂಜೆಯ ಸಾಮಾನಿನ ತಟ್ಟೆಯಲ್ಲಿ ಸಿಕ್ಕ ಕಥೆ. ಮಾಮಿಯ ಹಾಗೆಯೇ ಮಾತಾಡಿ ತೋರಿಸಿದಳು, ಕೈ ತಿರುಗಿಸಿ. ನನ್ನ ಹೆಂಡತಿಗೆ ಬೇರೆಯವರ ಅನುಕರಣೆ ಮಾಡಲು ಬರುತ್ತದೆ ಎನ್ನುವುದನ್ನು ನಾನು ಮೊದಲ ಸಲ ನೋಡಿದೆ. ನಕ್ಕೆ. ಅವಳೂ ನಕ್ಕಳು. ಮಗಳು ಬರುವವರೆಗೆ ನಾವು ಹಾಗೇ ಕುಳಿತಿದ್ದೆವು.

ನಾನು ಬಯಸಿದ್ದು ಅದನ್ನೇ. ಆದರೆ ಅದು ಸಿಗಬೇಕಾದರೆ ಮಧ್ಯಾಹ್ನವಿಡೀ ನಾನು ಮನೆಯಲ್ಲಿರಕೂಡದು. ಅಳತೆಯ ಮನುಷ್ಯನಿಗೆ ಈ ಲೆಕ್ಕ ತಿಳಿಯುವುದು ಕಷ್ಟವೇನಲ್ಲ.

ಮರುದಿನ ಕಣ್ಣಿನ ಡಾಕ್ಟರ ನೆಪ ಹೇಳಿ ಹೋದೆ. ಅದರ ಮರುದಿನ ಹಳೆಯ ಸ್ನೇಹಿತನ ನೆಪ. ಆಮೇಲೆ ನೆಪ ಹೇಳುವುದನ್ನು ಬಿಟ್ಟೆ, ಅವಳೂ ಕೇಳುವುದನ್ನು ಬಿಟ್ಟಳು. ಹನ್ನೆರಡೂವರೆಗೆ ಪ್ಯಾಂಟು ಷರ್ಟು ಹಾಕಿಕೊಂಡು ಹೊರಡುತ್ತಿದ್ದೆ, ಐದಕ್ಕೆ ವಾಪಸು. ಒಂದು ವಾರ ಕಳೆದ ಮೇಲೆ ಹೊರಡುವ ಹೊತ್ತಿಗೆ ಸರಿಯಾಗಿ ಅವಳು ಕೈಗೆ ಬುತ್ತಿ ಕೊಟ್ಟಳು. “ಹೊರಗ ಏನರೆ ತಿನಬ್ಯಾಡ್ರಿ” ಎಂದಳು.

ಹೋಗಬೇಕೆಂದರೆ ಎಲ್ಲಿಗೆ? ಸ್ನೇಹಿತರೆಂದರೆ ನನ್ನನ್ನು ಕಂಡು ಹೆದರುತ್ತಿದ್ದವರೇ. ಹೆಬ್ಬಾಳದ ಕೆರೆಯವರೆಗೆ ಹೋಗಿ ನೋಡಿದೆ, ದೂರವಾಯಿತು. ಕಡೆಗೆ ಚಿಕ್ಕಬಾಣಾವರದ ರೈಲು ನಿಲ್ದಾಣ ಸರಿಹೋಯಿತು. ಪ್ಲಾಟ್‌ಫಾರಂ ತುದಿಯ ಮರದ ಕೆಳಗೊಂದು ಕಲ್ಲಿನ ಬೆಂಚು. ಮಧ್ಯಾಹ್ನ ಅಲ್ಲಿ ಜನ ಕಡಿಮೆ. ರೈಲು ಬರುವ ಮೊದಲು ಹತ್ತು ನಿಮಿಷ ಗದ್ದಲ, ಹೋದ ಮೇಲೆ ಮತ್ತೆ ಹಳಿ, ಬಿಸಿಲು ಮತ್ತು ನಾನು. ನಮ್ಮೂರಿನ ಕಡೆಗೆ ಹೋಗುವ ಗಾಡಿಗಳು ಅದೇ ದಾರಿಯಲ್ಲಿ ಹೋಗುತ್ತಿದ್ದವು. ಹತ್ತಬೇಕು ಎಂದು ಒಂದು ದಿನವೂ ಅನ್ನಿಸಲಿಲ್ಲ. ಅಲ್ಲಿ ಹೋಗಿ ಮಾತಾಡಿಸಲು ಇನ್ನು ಯಾರಿದ್ದರು?

ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆ. ಇನ್ನೂ ಎರಡು ತಾಸು, ಇನ್ನೂ ಒಂದೂವರೆ ತಾಸು ಎಂದು ಎಣಿಸುತ್ತಿದ್ದೆ. ಸಮಯ ಹೋಗಲೆಂದು ಒಂದು ನೋಟ್‌ಬುಕ್ ಇಟ್ಟುಕೊಂಡು, ಕಂಡದ್ದನ್ನು, ನೆನಪಾದದ್ದನ್ನು ಬರೆಯತೊಡಗಿದೆ. ಈ ಬರೆಯುವ ಚಾಳಿ ನನಗೆ ಅಂಟಿದ್ದು ಆ ಬೆಂಚಿನ ಮೇಲೆ. ಬರೆದದ್ದನ್ನು ಓದಿ ಹೊಡೆದುಹಾಕುವ ಚಾಳಿಯೂ ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಆದರೆ ಹೊಡೆದುಹಾಕುವ ಮುಂಚೆ ಒಂದು ಕ್ಷಣ ತಡೆಯಲು ಕಲಿತೆ.

ಹೀಗೆ ಎರಡು ಮೂರು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಹಾಲು ತರಲು ಹೋದಾಗ ಎದುರುಮನೆಯಾಕೆ ಸಿಕ್ಕಿದಳು. ನನ್ನನ್ನು ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದವಳು ಅಂದು ನಿಂತು, ತನ್ನ ಎಂದಿನ ಗಟ್ಟಿ ದನಿಯಲ್ಲಿ ಕೇಳಿದಳು.

“ಏನ್ ಸಾರ್, ಹೊಸಾ ಕೆಲ್ಸ ಹೆಂಗಿದೆ?”

ನನಗೆ ಅರ್ಥವಾಗಲಿಲ್ಲ.

“ನಿಮ್ಮನೆಯವ್ರು ಹೇಳಿದ್ರು ಬಿಡಿ. ಚಿಕ್ಕಬಾಣಾವರದ್ ಕಡೆ ಯಾವ್ದೋ ಸಣ್ಣ ಫ್ಯಾಕ್ಟ್ರಿ ಅಂತೆ. ನೀವಿಲ್ದೆ ಆಗಲ್ಲ ಅಂತ ಅವರೇ ಮನೆವರ್ಗೂ ಬಂದು ಕರೆದ್ರಂತೆ. ಈ ವಯಸ್ನಲ್ಲೂ ಸುಮ್ನೆ ಕೂತಿಲ್ವಲ್ಲ ನೀವು. ನಮ್ಮೆಜಮಾನ್ರಿಗೂ ಸ್ವಲ್ಪ ಬುದ್ಧಿ ಹೇಳಿ.”

ನಾನು ಹಾಲಿನ ಪಾತ್ರೆ ಹಿಡಿದುಕೊಂಡು ನಿಂತೆ. ನಾನು ಎಲ್ಲಿಗೆ ಹೋಗುತ್ತೇನೆಂದು ನನ್ನ ಹೆಂಡತಿಗೆ ಗೊತ್ತಿತ್ತು. ಪ್ಲಾಟ್‌ಫಾರಂ ಚೀಟಿ ಷರ್ಟಿನ ಜೇಬಿನಲ್ಲೇ ಇರುತ್ತಿತ್ತಲ್ಲ, ಒಗೆಯುವವಳು ಅವಳೇ. ಹೆಂಗಸರಿಗೆ ಜಾಗ ಬಿಟ್ಟು ಗಂಡ ರೈಲು ನಿಲ್ದಾಣದಲ್ಲಿ ಕೂತಿರುತ್ತಾನೆ ಎಂದು ಅವಳು ಯಾರ ಮುಂದೆಯೂ ಹೇಳಿರಲಿಲ್ಲ. ನನಗೊಂದು ಕೆಲಸ ಕೊಡಿಸಿದ್ದಳು.

“ಪರವಾಗಿಲ್ಲ. ನಡೀತಾ ಇದೆ” ಎಂದೆ.

ಮನೆಗೆ ಬಂದು ಅವಳ ಮುಂದೆ ಹಾಲಿಟ್ಟೆ. ಮಾನ ಉಳಿಸಿದ್ದಕ್ಕೆ ಸಂತೋಷಪಡಬೇಕೋ, ಇನ್ನು ಮೇಲೆ ಒಂದು ಮಧ್ಯಾಹ್ನವೂ ಮನೆಯಲ್ಲಿ ಕೂರದ ಹಾಗೆ ಕಟ್ಟಿಹಾಕಿದ್ದಕ್ಕೆ ಅಳಬೇಕೋ ತಿಳಿಯಲಿಲ್ಲ. ಅಂದಿನಿಂದ ನಾನು ಇನ್ನೂ ಸರಿಯಾದ ಹೊತ್ತಿಗೆ ಹೊರಡತೊಡಗಿದೆ. ದಾಡಿ ಮಾಡಿಕೊಂಡು, ಷರ್ಟಿಗೆ ಇಸ್ತ್ರಿ ಹಾಕಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು. ಭಾನುವಾರ ಮತ್ತು ಹಬ್ಬದ ದಿನ ಮಾತ್ರ ರಜೆ. ಸಂಜೆ ಬಂದರೆ ಚಹಾ ಕೊಟ್ಟು, “ಇವತ್ತ ಹೆಂಗಾತು?” ಎನ್ನುತ್ತಿದ್ದಳು. “ಇವತ್ತ ಸ್ವಲ್ಪ ಗದ್ದಲ ಇತ್ತು” ಎನ್ನುತ್ತಿದ್ದೆ. ಆಮೇಲೆ ಅವಳು ಬೀದಿಯ ಸುದ್ದಿ ತೆಗೆಯುತ್ತಿದ್ದಳು. ಆ ಒಂದು ತಾಸು ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಉಳಿದ ನಾಲ್ಕೂವರೆ ತಾಸಿನ ಬಗ್ಗೆ ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ನಿಜ ಹೇಳಿಕೊಳ್ಳಲೇ ಇಲ್ಲ.

ಮೂರನೆಯ ವರ್ಷದ ಮಳೆಗಾಲದಲ್ಲಿ ನನಗೆ ಜ್ವರ ಬಂತು. ನಿಲ್ದಾಣದ ಮರದ ಕೆಳಗೆ ನೆನೆದದ್ದು ಹೆಚ್ಚಾಗಿತ್ತೇನೋ. ರಾತ್ರಿಯೆಲ್ಲ ಕೆಮ್ಮಿ, ಬೆಳಿಗ್ಗೆ ಏಳಲಾರದೆ ಎದ್ದು ಹನ್ನೆರಡು ಗಂಟೆಗೆ ಷರ್ಟಿಗೆ ಕೈ ಹಾಕಿದೆ. ಅವಳು ಬಂದು ಹಣೆ ಮುಟ್ಟಿ ನೋಡಿದಳು. ಷರ್ಟನ್ನು ಕೈಯಿಂದ ತೆಗೆದುಕೊಂಡು ಗೂಟಕ್ಕೆ ಹಾಕಿದಳು.

“ಇವತ್ತೊಂದಿನ ರಜಾ ಹಾಕ್ರಿ” ಎಂದಳು.

ಮುಖದಲ್ಲಿ ನಗು ಇರಲಿಲ್ಲ. ನಿಜವಾದ ಕೆಲಸಕ್ಕೆ ಹೋಗುವ ಗಂಡನಿಗೆ ಹೇಳುವ ಹಾಗೆಯೇ ಹೇಳಿದಳು. “ಹಾಕ್ತೇನಿ” ಎಂದು ಮಲಗಿದೆ. ಅವಳು ಮೂರು ಮನೆಗೂ ಹೋಗಿ ಹೇಳಿ ಬಂದಳು. ಆಮೇಲೆ ಗಂಜಿ ತಂದಳು, ಕುಡಿಸಿದಳು, ಹೊದಿಕೆ ಸರಿ ಮಾಡಿದಳು, ಮಂಚದ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತಳು.

ಹೊರಗೆ ಮಳೆ ಹಿಡಿದಿತ್ತು. ಇಡೀ ಮಧ್ಯಾಹ್ನ ಅವಳು ನನ್ನ ಹತ್ತಿರವೇ ಇದ್ದಳು. ನಿವೃತ್ತಿಗೆ ಮುಂಚೆ ನಾನು ಎಷ್ಟೋ ಸಲ ಎಣಿಸಿಕೊಂಡಿದ್ದ ಮಧ್ಯಾಹ್ನ ಹೀಗೆಯೇ ಇತ್ತು. ಏನಾದರೂ ಮಾತಾಡಬೇಕೆಂದು ಬಾಯಿ ತೆರೆದೆ, ಏನೂ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ. “ನಿನ್ನ ಬುಟ್ಟಿ ತಂದು ಹಾಕು ಬೇಕಾದ್ರ” ಎಂದೆ.

“ಒಬ್ಬಾಕೀನ ಏನ್ ಹಾಕೂದು” ಎಂದಳು.

ತಣ್ಣೀರಿನ ಬಟ್ಟೆ ಹಿಂಡಿ ಹಣೆಯ ಮೇಲೆ ಇಟ್ಟಳು. ಅವಳ ಕೈ ತಣ್ಣಗಿತ್ತು, ಮೆದುವಾಗಿತ್ತು. ಹಣೆಯ ಮೇಲೆ ಸ್ವಲ್ಪ ಹೊತ್ತು ಅದು ಹಾಗೇ ಇತ್ತು. ಆಮೇಲೆ, ನಿಜವಾದ ಕಾಳಜಿಯಿಂದಲೇ, ಕೇಳಿದಳು.

“ನಾಳೆಗೆ ಆರಾಮ ಆಗ್ತದ ಅಲ್ರೀ?”

“ಆಗ್ತದ” ಎಂದೆ.